ಕೊಬ್ಬರಿ ಪೊಟ್ಟಣದ ಮೇಲಿನ ಕಡಲು

ತುಮಕೂರು ಜಿಲ್ಲೆಯಲ್ಲಿ ತಯಾರಾದ ಕೊಬ್ಬರಿ, ತೆಂಗಿನೆಣ್ಣೆ, ಒಣತುರಿಯ ಪೊಟ್ಟಣಗಳನ್ನು ಅಂಗಡಿಯಲ್ಲಿ ಒಮ್ಮೆ ಸಾಲಾಗಿ ನೋಡಿ. ಬಹಳಷ್ಟರ ಮೇಲೆ ಒಂದು ಕಡಲತೀರ ಇರುತ್ತದೆ. ನೀಲಿ ನೀರು, ಬಿಳಿ ಮರಳು, ಅಲೆಯ ಕಡೆಗೆ ಬಾಗಿದ ಎರಡು ಮರ, ಹಿಂದೆ ಮುಳುಗುವ ಸೂರ್ಯ. ತಿಪಟೂರಿನ ರೈತ ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕು. ನಮ್ಮದು ಬಯಲುಸೀಮೆಯ ತೆಂಗು. ಕೆರೆ ಹಿಂದಿನ ತೋಟದಲ್ಲೋ, ಕೊಳವೆಬಾವಿ ನಂಬಿದ ಹೊಲದಲ್ಲೋ, ಮಳೆ ಕೈಕೊಟ್ಟ ವರ್ಷ ಟ್ಯಾಂಕರ್ ನೀರು ಕುಡಿದೋ ಉಳಿದುಕೊಂಡ ಮರ. ಅದರ ಬುಡದಲ್ಲಿರುವುದು ಕೆಮ್ಮಣ್ಣು, ಪಾತಿ, ಒಣಗಿದ ಗರಿಯ ರಾಶಿ. ಪಕ್ಕದಲ್ಲಿ ಅಡಿಕೆ, ಬಾಳೆ, ಗೂಟಕ್ಕೆ ಕಟ್ಟಿದ ಒಂದು ಎಮ್ಮೆ. ಇಷ್ಟು ಕಷ್ಟಪಟ್ಟು ಬೆಳೆದ ಕಾಯಿಗೆ ಬೇರೆ ಊರಿನ ಚಿತ್ರ ಅಂಟಿಸಿ ಕಳಿಸುವುದು ನನಗೆ ಸಹಿಸಲು ಆಗುವುದಿಲ್ಲ.

ಆ ಕಡಲು ಎಲ್ಲಿಂದ ಬರುತ್ತದೆ ಎನ್ನುವುದು ಗುಟ್ಟೇನಲ್ಲ. ಡಿಟಿಪಿ ಅಂಗಡಿಯಲ್ಲಿ ಕೂತ ಹುಡುಗನಿಗೆ ಒಂದು ಗಂಟೆಯಲ್ಲಿ ಲೇಬಲ್ ಮುಗಿಸಬೇಕು. ಅವನು ರೆಡಿಮೇಡ್ ಚಿತ್ರಗಳ ಭಂಡಾರದಲ್ಲಿ ತೆಂಗು ಎಂದು ಹುಡುಕುತ್ತಾನೆ. ಜಗತ್ತಿನ ಪ್ರವಾಸಿ ತೀರಗಳೆಲ್ಲ ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಈಗ ಎಐ ಬಂದಿದೆ; ಅದನ್ನು ಕೇಳಿದರೂ ಮೊದಲು ಕಡಲೇ ಬರುತ್ತದೆ, ಏಕೆಂದರೆ ಅದು ಕಲಿತದ್ದು ಅದೇ ಭಂಡಾರದಿಂದ. ಹುಡುಗನ ತಪ್ಪಿಲ್ಲ. ಅವನಿಗೆ ಯಾರೂ ಕಾಯಿ ತಂದುಕೊಟ್ಟಿರುವುದಿಲ್ಲ.

ನಾನು ಚಿತ್ರ ಬರೆದು ಬದುಕುವವಳು. ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿ ಹಿಡಿದರೆ ಸಿಗುವ ಅಂತರಸನಹಳ್ಳಿಯಲ್ಲಿ, ಚೀಲ ಮುದ್ರಿಸುವ ಒಂದು ಘಟಕದ ಮೇಲಿನ ಕೋಣೆ ನನ್ನ ಕೆಲಸದ ಜಾಗ. ನಸುಕಿನಲ್ಲಿ ತರಕಾರಿ ಮಾರುಕಟ್ಟೆಯ ಗದ್ದಲ, ಹೊತ್ತೇರಿದ ಮೇಲೆ ಕೈಗಾರಿಕಾ ಪ್ರದೇಶದ ಲಾರಿಗಳು. ಕತೆ, ಕಾದಂಬರಿಗಳ ಮುಖಪುಟ ಮಾಡುತ್ತೇನೆ, ಪತ್ರಿಕೆಗಳಿಗೆ ಚಿತ್ರ ಬರೆಯುತ್ತೇನೆ, ಸಂಘಸಂಸ್ಥೆಗಳಿಗೆ ಜಾಗೃತಿಯ ಪೋಸ್ಟರ್ ಮಾಡಿಕೊಡುತ್ತೇನೆ, ಅಕ್ಕಿ ಚೀಲದಿಂದ ಹಪ್ಪಳದ ಪೊಟ್ಟಣದವರೆಗೆ ವಿನ್ಯಾಸ ಮಾಡುತ್ತೇನೆ. ಇವನ್ನು ಬೇರೆ ಬೇರೆ ಕಸುಬು ಎಂದುಕೊಳ್ಳುವವರೇ ಹೆಚ್ಚು. ಪುಸ್ತಕದ್ದು ಕಲೆ, ಪೋಸ್ಟರ್ ಸೇವೆ, ಪೊಟ್ಟಣ ವ್ಯಾಪಾರ ಎಂದು ಮೂರು ಖಾನೆ. ನನ್ನ ಅನುಭವದಲ್ಲಿ ಮೂರಕ್ಕೂ ಮೊದಲ ಕೆಲಸ ಒಂದೇ: ಯಾವುದನ್ನು ಬರೆಯಬೇಕೋ ಅದರ ಎದುರು ಹೋಗಿ ಕೂರುವುದು. ಎರಡನೆಯ ಕೆಲಸವೂ ಒಂದೇ: ನೋಡುವವರು ಯಾರು, ಎಷ್ಟು ದೂರದಿಂದ, ಎಂಥ ಬೆಳಕಿನಲ್ಲಿ ಎಂದು ತಿಳಿದುಕೊಳ್ಳುವುದು.

ಉಂಡೆ ಕೊಬ್ಬರಿಯ ಪೊಟ್ಟಣ ಬೇಕೆಂದು ತಿಪಟೂರು ಕಡೆಯ ಒಬ್ಬ ವ್ಯಾಪಾರಿ ಬಂದಾಗ ನಾನು ಕೇಳಿದ್ದು ಅವರ ಅಟ್ಟ ತೋರಿಸಿ ಎಂದು. ಈ ಸೀಮೆಯವರಿಗೆ ಹೇಳಬೇಕಾಗಿಲ್ಲ, ಆದರೆ ಹೊರಗಿನವರಿಗೆ ತಿಳಿದಿರಲಿ: ಉಂಡೆ ಕೊಬ್ಬರಿಯನ್ನು ಒಡೆದು ಒಣಗಿಸುವುದಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಎಂಟು ತಿಂಗಳೋ ವರ್ಷವೋ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಕುಗ್ಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಅಟ್ಟದಲ್ಲಿ ಬೆಳಕು ಕಡಿಮೆ. ಗಾಳಿಯಲ್ಲಿ ಒಣನಾರಿನ ವಾಸನೆ. ಅವರ ತಾಯಿ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ನೀರಿನ ಸದ್ದು ಬಂದರೆ ವಾಪಸ್ ರಾಶಿಗೆ. ಉಂಡೆ ಕರಟಕ್ಕೆ ಬಡಿದು ಗಟ್ಟಿ ಸದ್ದು ಬಂದರೆ ಈ ಕಡೆಗೆ. ಮಟ್ಟೆ ಸುಲಿದು ಕರಟವನ್ನು ಸುತ್ತಲೂ ಹದವಾಗಿ ತಟ್ಟಿ ಬಿಡಿಸಿದಾಗ ಇಡೀ ಉಂಡೆ ಕೈಗೆ ಬಂತು: ಕಂದು ಸಿಪ್ಪೆ, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಸುಕ್ಕು, ಒಂದು ತುದಿಯಲ್ಲಿ ಕಣ್ಣಿದ್ದ ಜಾಗದ ಚಿಕ್ಕ ಗುಳಿ. ಎರಡು ಹೋಳು ಮಾಡಿದರೆ ದಪ್ಪ ಬಿಳಿ ಗೋಡೆ, ನಡುವೆ ಪೊಳ್ಳು, ಅಂಚಿನಲ್ಲಿ ಎಣ್ಣೆಯ ಮಿನುಗು.

ಅರ್ಧ ಒಡೆದ ಕರಟದೊಳಗೆ ಕೂತ ಇಡೀ ಉಂಡೆಯ ಚಿತ್ರ ಬರೆದೆ. ವ್ಯಾಪಾರಿಗೆ ಅಸಮಾಧಾನ. ‘ಮೇಡಂ, ನಮ್ ಮಾಲು ಹೋಗೋದು ದೆಹಲಿ ಕಡೆಗೆ. ಅಲ್ಲಿಯವರಿಗೆ ತೆಂಗು ಅಂದ್ರೆ ಸಮುದ್ರ’ ಎಂದರು. ತಳ್ಳಿಹಾಕುವ ಮಾತಲ್ಲ ಅದು. ಆದರೆ ಉತ್ತರದಲ್ಲಿ ಉಂಡೆ ಕೊಬ್ಬರಿ ಕೊಳ್ಳುವವರು ಪೂಜೆಗೆ, ಮದುವೆ ಶಾಸ್ತ್ರಕ್ಕೆ, ಒಣಹಣ್ಣಿನ ಜೊತೆಗೆ ಕೊಳ್ಳುತ್ತಾರೆ. ಅವರು ಕೈಯಲ್ಲಿ ಹಿಡಿದು ತೂಗಿ ನೋಡುವುದು ಉಂಡೆಯನ್ನು. ಕರಟದೊಳಗೇ ಒಣಗಿದ್ದು, ಹೊಗೆ ಹಾಕಿದ್ದಲ್ಲ, ಒಡೆದು ಬಿಸಿಲಿಗೆ ಹರವಿದ್ದಲ್ಲ ಎನ್ನುವುದೇ ನಮ್ಮ ಸರಕಿನ ಹೆಚ್ಚುಗಾರಿಕೆ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಸಾರುವಾಗಲೂ ಎಣ್ಣೆಗೆ ಹೋಗುವ ಕೊಬ್ಬರಿಗೆ ಒಂದು ದರ, ಉಂಡೆಗೆ ಬೇರೆಯೇ ದರ. ಆ ವ್ಯತ್ಯಾಸವನ್ನು ಹೇಳಬಲ್ಲ ಚಿತ್ರ ಕರಟದೊಳಗಿನ ಉಂಡೆ ಮಾತ್ರ. ಕಡಲು ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೊನೆಗೆ ಅರ್ಧ ಕೆಜಿ ಪೊಟ್ಟಣಕ್ಕೆ ನನ್ನ ಚಿತ್ರ, ಒಂದು ಕೆಜಿಗೆ ಹಳೆಯ ಕಡಲು ಎಂದು ತೀರ್ಮಾನವಾಯಿತು. ಎರಡೂ ಈಗ ಮಾರುಕಟ್ಟೆಯಲ್ಲಿವೆ.

ಅಕ್ಕಿ ಚೀಲದ ಲೆಕ್ಕ ಬೇರೆ. ಕೆಳಗಿನ ಘಟಕದಲ್ಲಿ ಮುದ್ರಿಸುವುದು ಪಿಪಿ ಚೀಲ, ಅಂದರೆ ಪ್ಲಾಸ್ಟಿಕ್ ಪಟ್ಟಿಗಳನ್ನು ನೇಯ್ದ ಚೀಲ. ಅದರ ಮೈ ಕಾಗದದಷ್ಟು ನುಣುಪಲ್ಲ. ನೇಯ್ಗೆಯ ಏರುತಗ್ಗು ಇರುತ್ತದೆ. ಮುದ್ರಣಕ್ಕೆ ರಬ್ಬರಿನ ಉಬ್ಬಚ್ಚು ಬೇಕು. ಇಲ್ಲಿಯವರು ಅದನ್ನು ಸ್ಟೀರಿಯೊ ಎನ್ನುತ್ತಾರೆ. ಒಂದು ಬಣ್ಣಕ್ಕೆ ಒಂದು ಸ್ಟೀರಿಯೊ. ಬಣ್ಣ ಹೆಚ್ಚಿದಷ್ಟೂ ಖರ್ಚು, ಜೊತೆಗೆ ಒಂದರ ಮೇಲೊಂದು ಬಣ್ಣ ಕೂರುವಾಗ ಸರಿಯುವ ಅಪಾಯ. ಒಂದೆರಡು ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಹಾಗಾಗಿ ಎರಡು ಬಣ್ಣಗಳ ಅಂಚು ಕರಾರುವಾಕ್ಕಾಗಿ ಸೇರಲೇಬೇಕಾದ ಚಿತ್ರವನ್ನು ಚೀಲಕ್ಕೆ ಬರೆಯುವಂತಿಲ್ಲ. ನಡುವೆ ದಪ್ಪ ಕಪ್ಪು ಗೆರೆ ಇಟ್ಟರೆ ಸರಿದ ಬಣ್ಣ ಅದರಡಿ ಮುಚ್ಚಿಹೋಗುತ್ತದೆ. ಹಳೆಯ ಕಾಲದ ಬೆಂಕಿಪೊಟ್ಟಣ, ಪಟಾಕಿ ಲೇಬಲ್‌ಗಳ ಮೇಲಿನ ದಪ್ಪ ಗೆರೆಗೂ ಇದೇ ಕಾರಣ. ಫೋಟೊದಷ್ಟು ನಯವಾದ ಚಿತ್ರವೇ ಬೇಕಾದರೆ ಬಿಒಪಿಪಿ ಹಾಳೆ ಅಂಟಿಸಿದ ಚೀಲ ಇದೆ. ಅದಕ್ಕೆ ತಾಮ್ರದ ಸಿಲಿಂಡರ್ ಕೊರೆಸಬೇಕು, ಬಣ್ಣಕ್ಕೊಂದರಂತೆ. ಸಾವಿರಗಟ್ಟಲೆ ಚೀಲ ತೆಗೆದುಕೊಳ್ಳುವ ದೊಡ್ಡ ಮಿಲ್ಲಿಗೆ ಮಾತ್ರ ಅದು ಗಿಟ್ಟುತ್ತದೆ.

ಈ ಚೀಲದ ಮೇಲೆ ಕನ್ನಡ ಅಕ್ಷರ ಕೂರಿಸುವುದು ನನಗೆ ಬಹಳ ಇಷ್ಟವಾದ ಕೆಲಸ. ಕನ್ನಡ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಕೊಬ್ಬರಿ ಎಣ್ಣೆ’ ಎಂದು ಬರೆದರೆ ಎರಡು ಪದಕ್ಕೂ ಕೆಳಗೆ ಒತ್ತಕ್ಷರ ನೇತಾಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಜಾಗದಲ್ಲಿ ಕನ್ನಡವನ್ನು ತುರುಕಿದರೆ ಒತ್ತು ಕೆಳಗಿನ ಸಾಲಿಗೆ ಬಡಿಯುತ್ತದೆ. ಆಗ ಆಪರೇಟರ್ ಕನ್ನಡವನ್ನೇ ಚಿಕ್ಕದು ಮಾಡುತ್ತಾನೆ. ಚಿಕ್ಕದಾದ ಒತ್ತಕ್ಷರದ ಹೊಟ್ಟೆಯಲ್ಲಿ ಶಾಯಿ ತುಂಬಿ ಅದು ಬರೀ ಚುಕ್ಕೆಯಾಗುತ್ತದೆ. ಕನ್ನಡ ಪೊಟ್ಟಣದ ಮೇಲೆ ಚೆನ್ನಾಗಿ ಕಾಣುವುದಿಲ್ಲ ಎಂದು ಹೇಳುವವರಿಗೆ ನಾನು ತೋರಿಸುವುದು ಇದನ್ನೇ. ಜಾಗ ಕೊಡದೆ ದೂರುವುದು ನ್ಯಾಯವಲ್ಲ. ನಾನು ಮೊದಲು ಕನ್ನಡದ ಹೆಸರನ್ನು ಕೈಯಲ್ಲಿ ಬರೆಯುತ್ತೇನೆ, ಒತ್ತಿನ ಹೊಟ್ಟೆ ಅಗಲ ಮಾಡುತ್ತೇನೆ, ಉಳಿದ ಜಾಗದಲ್ಲಿ ಇಂಗ್ಲಿಷ್ ಕೂರಿಸುತ್ತೇನೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಬಂದ ಮೇಲೆ ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎಂಬ ಬಲ ಈ ಕೆಲಸಕ್ಕೆ ಸಿಕ್ಕಿದೆ.

ಚೀಲವನ್ನು ಯಾರೂ ಅಂಗೈಯಲ್ಲಿ ಹಿಡಿದು ನೋಡುವುದಿಲ್ಲ. ಲಾರಿಯಲ್ಲಿ ಅಡ್ಡಡ್ಡ ಪೇರಿಸಿದಾಗ ಕಾಣುವುದು ಅದರ ತಳ, ಬಾಯಿ ಮತ್ತು ಪಕ್ಕದ ಒಂದಿಷ್ಟು. ಹಮಾಲರು ಗುರುತು ಹಿಡಿಯುವುದು ಅಲ್ಲಿಂದ. ಆದ್ದರಿಂದ ತಳದಲ್ಲೂ ಒಂದು ಪಟ್ಟಿ ಬಣ್ಣ, ಒಂದು ಚಿಕ್ಕ ಗುರುತು ಇಡುತ್ತೇನೆ. 2022ರ ಜುಲೈನಲ್ಲಿ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ, 25 ಕೆಜಿವರೆಗೆ, 5% ಜಿಎಸ್‌ಟಿ ಬಂತು. ಕೆಲವೇ ದಿನಗಳಲ್ಲಿ ಮಿಲ್ಲಿನವರು 26 ಕೆಜಿ ಚೀಲ ಶುರುಮಾಡಿದರು. ನಮ್ಮ ಕಟ್ಟಡದಲ್ಲಿ ಅದು ಹಗಲುರಾತ್ರಿ ಕೆಲಸದ ತಿಂಗಳು: ಎಲ್ಲ ವಿನ್ಯಾಸಗಳಲ್ಲೂ 5 ತೆಗೆದು 6 ಹಾಕಿ ಹೊಸ ಸ್ಟೀರಿಯೊ ಮಾಡಿಸಬೇಕಿತ್ತು. ದೆಹಲಿಯಲ್ಲಿ ಬದಲಾದ ತೆರಿಗೆ ಸಾಲು ನಮ್ಮ ಮೇಜಿಗೆ ಒಂದೇ ಒಂದು ಅಂಕಿಯಾಗಿ ಬಂದು ಕೂತಿತು. ಮತ್ತೊಂದು ಮಾತು. ಅಕ್ಕಿ ಮುಗಿದ ಮೇಲೂ ಚೀಲ ಮುಗಿಯುವುದಿಲ್ಲ. ರಾಗಿ ತುಂಬುತ್ತಾರೆ, ಬಚ್ಚಲ ಮರೆಗೆ ಕಟ್ಟುತ್ತಾರೆ, ಕಣದಲ್ಲಿ ಹಾಸುತ್ತಾರೆ, ಸಂತೆಯಲ್ಲಿ ಕೂರಲು ಬಳಸುತ್ತಾರೆ. ನಾನು ಬರೆದ ಚಿತ್ರಗಳಲ್ಲಿ ಅತಿ ಹೆಚ್ಚು ಕಾಲ ಜನರ ನಡುವೆ ಇರುವುದು ಚೀಲದ ಚಿತ್ರಗಳೇ. ಆ ಕಾರಣಕ್ಕಾದರೂ ಅವುಗಳಿಗೆ ಅಸಡ್ಡೆ ಸಲ್ಲದು.

ಪೊಟ್ಟಣದ ಮೇಲೆ ಕಾನೂನಿಗೂ ಜಾಗ ಬೇಕು. 2011ರ ಪೊಟ್ಟಣ ಸಾಮಗ್ರಿಗಳ ನಿಯಮದ ಪ್ರಕಾರ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಸಂಪರ್ಕ ಇರಲೇಬೇಕು. ತಿನ್ನುವ ಪದಾರ್ಥವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಹಸಿರು ಚೌಕದೊಳಗಿನ ಹಸಿರು ವೃತ್ತವೂ ಬೇಕು. ಹೊಸಬರು ಚಿತ್ರವೆಲ್ಲ ಮುಗಿಸಿ ಕೊನೆಗೆ ಇವನ್ನು ಮೂಲೆಗೆ ತಳ್ಳುತ್ತಾರೆ. ಮಾರುವವನು ಕೊಳ್ಳುವವರಿಗೆ ಕೊಡುವ ಮಾತು ಇರುವುದೇ ಇಲ್ಲಿ. ಇದನ್ನು ಓದಲಾಗದಂತೆ ಇಡುವುದು ಮೋಸದ ಹತ್ತಿರ ಹೋಗುತ್ತದೆ. ಕಣ್ಣು ಮಂಜಾದ ಅಜ್ಜಿಗೂ ತಿಂಗಳು ವರ್ಷ ಕಾಣಬೇಕು ಎಂಬುದು ನನ್ನ ಹಟ.

ಪೊಟ್ಟಣದ ಚಿತ್ರಕ್ಕೆ ನಮ್ಮ ನಾಡಿನಲ್ಲಿ ಒಳ್ಳೆಯ ಪರಂಪರೆಯೇ ಇದೆ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ ಗಂಧದೆಣ್ಣೆಯನ್ನು ಇಲ್ಲೇ ತೆಗೆಯಲು ಹೊರಟಿತು, ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ, ರಸಾಯನ ವಿಜ್ಞಾನಿ ಸೋಸಲೆ ಗರಳಪುರಿ ಶಾಸ್ತ್ರಿ ಇವರ ಹೆಸರು ಆ ಕತೆಯಲ್ಲಿ ಎಲ್ಲರಿಗೂ ಗೊತ್ತು. ನನಗೆ ಅಚ್ಚುಮೆಚ್ಚು ಅದರ ಡಬ್ಬಿ. ಆ ಸೋಪನ್ನು ಆಭರಣದ ಪೆಟ್ಟಿಗೆಯಲ್ಲಿಡುವಂತೆ ಉದ್ದನೆಯ ಹೂಬಳ್ಳಿಯ ಡಬ್ಬಿಯಲ್ಲಿಟ್ಟರು. ಮುದ್ರೆಗೆ ಆರಿಸಿದ್ದು ಸಿಂಹದ ಮೈ, ಆನೆಯ ತಲೆಯ ಶರಭ. ಸುಗಂಧದ ಸಾಬೂನಿಗೆ ಹೂವೋ ಹೆಣ್ಣಿನ ಮುಖವೋ ಸುಲಭವಾಗಿ ಹೊಳೆಯುತ್ತಿತ್ತು. ಅವರು ಈ ನೆಲದ ಕಲ್ಪನೆಯ ಒಂದು ಪ್ರಾಣಿಯನ್ನು ಕೂರಿಸಿದರು, ಅದು ನೂರು ವರ್ಷ ದಾಟಿಯೂ ಗುರುತು ಕಳೆದುಕೊಂಡಿಲ್ಲ. ಆ ಡಬ್ಬಿಯನ್ನು ಎಸೆಯದೆ ಬೀರುವಿನ ಸೀರೆಗಳ ನಡುವೆ ಇಟ್ಟ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ವಿದ್ಯಾರ್ಥಿ ದೆಸೆಯಲ್ಲಿ ಅಣ್ಣ ನಾರಾಯಣ್ ಅವರ ಕತೆಗಳಿಗೆ ಚಿತ್ರ ಬರೆದರು, ರಾಶಿಯವರ ‘ಕೊರವಂಜಿ’ಗೆ ವ್ಯಂಗ್ಯಚಿತ್ರ ಬರೆದರು. ಅದೇ ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್ ಡಬ್ಬಕ್ಕೆ ಗಟ್ಟು ಎಂಬ ಹುಡುಗನನ್ನು ಬರೆದುಕೊಟ್ಟರು: ಹಣೆಗೆ ಇಳಿಬಿದ್ದ ಕೂದಲು, ಕೈಯಲ್ಲಿ ಬಣ್ಣ ಸೋರುವ ಕುಂಚ, ಕಣ್ಣಲ್ಲಿ ತುಂಟತನ. ಪತ್ರಿಕೆಯ ಗೆರೆಗೂ ಡಬ್ಬದ ಗೆರೆಗೂ ಅವರು ಭೇದ ಮಾಡಲಿಲ್ಲ ಎಂದು ಆ ಹುಡುಗನ ನಿಲುವು ನೋಡಿದರೇ ತಿಳಿಯುತ್ತದೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ‘ಫಿಲ್ಮ್‌ಇಂಡಿಯಾ’ದ ಮುಖಪುಟ, ಸಿನಿಮಾ ಪೋಸ್ಟರ್, ಕಂಪನಿಗಳ ಕ್ಯಾಲೆಂಡರ್ ಬರೆದರು. ಅವರ ರಾಧಾಕೃಷ್ಣರು, ಶಕುಂತಲೆಯರು ಗ್ಯಾಲರಿ ಕಾಣದ ಜನರ ಗೋಡೆಗೂ ಬಂದದ್ದು ಕ್ಯಾಲೆಂಡರಿನ ದಾರಿಯಲ್ಲೇ.

ಇನ್ನು ಪತ್ರಿಕೆ, ಪುಸ್ತಕ. ‘ಸುಧಾ’ 1965ರಲ್ಲಿ, ‘ಮಯೂರ’ 1968ರಲ್ಲಿ, ‘ತರಂಗ’ 1983ರಲ್ಲಿ ಶುರುವಾದವು. ಕನ್ನಡದ ಓದುಗರಿಗೆ ಒಳ್ಳೆಯ ಗೆರೆಯ ರುಚಿ ಹತ್ತಿಸಿದ್ದು ಇಂಥ ವಾರಪತ್ರಿಕೆ, ಮಾಸಪತ್ರಿಕೆಗಳ ಕತೆಯ ಚಿತ್ರಗಳು. ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಶಿಷ್ಯರಾಗಿದ್ದ ಚಂದ್ರನಾಥ ಆಚಾರ್ಯರು ಪ್ರಜಾವಾಣಿ ಬಳಗದಲ್ಲಿ ಬರೆದ ಚಿತ್ರಗಳನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಕೊಂಡ ತಲೆಮಾರು ನಮ್ಮದು. ಕತೆಗೆ ಚಿತ್ರ ಬರೆಯುವವರು ಕತೆಯ ಗುಟ್ಟು ಬಿಟ್ಟುಕೊಡಬಾರದು, ಕತೆಯಲ್ಲಿಲ್ಲದ್ದನ್ನು ಸೇರಿಸಲೂಬಾರದು. ಇಷ್ಟು ಇಕ್ಕಟ್ಟಿನಲ್ಲಿ ಆಚಾರ್ಯರು ಒಬ್ಬ ಮುದುಕನ ಬೆನ್ನು, ಒಂದು ಖಾಲಿ ಕುರ್ಚಿ ಬರೆದು ಇಡೀ ಕತೆಯ ಹವೆಯನ್ನು ಕಟ್ಟುತ್ತಿದ್ದರು. ಇತ್ತೀಚಿನ ದಶಕಗಳಲ್ಲಿ ಕನ್ನಡ ಮುಖಪುಟದ ಮಾತು ಬಂದರೆ ಅಪಾರ ಅವರ ಹೆಸರು ಬಾರದೆ ಇರದು. ಮುಖಪುಟದ ತುಂಬ ಏನೇನೋ ತುಂಬುವ ಅಭ್ಯಾಸವನ್ನು ಬಿಡಿಸಿ, ಒಂದೇ ಒಂದು ಯೋಚನೆ, ಅದಕ್ಕೆ ಹೊಂದುವ ಅಕ್ಷರ ಎಂಬ ಶಿಸ್ತನ್ನು ಅವರು ತಂದರು. ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸಿಗೆಂದೇ ಬಹುಮಾನ ಕೊಡುತ್ತದೆ ಎನ್ನುವುದು ನಮ್ಮಂಥವರಿಗೆ ಸಣ್ಣ ಸಮಾಧಾನವಲ್ಲ.

ಮುಖಪುಟಕ್ಕೆ ನಾನು ಹಸ್ತಪ್ರತಿ ಪೂರ್ತಿ ಓದುತ್ತೇನೆ. ‘ಕತೆ ಸಾರಾಂಶ ಹೇಳಿಬಿಡ್ತೀನಿ, ಸಾಕಲ್ವಾ’ ಎನ್ನುವ ಲೇಖಕರಿದ್ದಾರೆ. ಸಾಲದು. ಸಾರಾಂಶದಲ್ಲಿ ಒಂಟಿ ಹೆಣ್ಣು, ಹಳ್ಳಿ ಮನೆ, ಸಾವು ಇರುತ್ತವೆ. ಅದನ್ನು ನಂಬಿದರೆ ಕಿಟಕಿಯ ಬಳಿ ನಿಂತ ಹೆಣ್ಣಿನ ನೆರಳೇ ಮುಖಪುಟವಾಗುತ್ತದೆ, ಅಂಥವು ಈಗಾಗಲೇ ಕಪಾಟು ತುಂಬ ಇವೆ. ಕುಣಿಗಲ್ ಸೀಮೆಯ ಒಂದು ಕಥಾಸಂಕಲನದಲ್ಲಿ, ಮೂರು ಬೇರೆ ಬೇರೆ ಕತೆಗಳಲ್ಲಿ, ಬಾವಿಯ ರಾಟೆ ಹಾಯ್ದು ಹೋಗುತ್ತಿತ್ತು. ಲೇಖಕರಿಗೇ ಅದರ ಪರಿವೆ ಇರಲಿಲ್ಲ. ಹಗ್ಗ ಉಜ್ಜಿ ಸವೆದು ಗೀರು ಬಿದ್ದ ಮರದ ರಾಟೆಯನ್ನೇ ಬರೆದೆ, ಹಗ್ಗವಿಲ್ಲದೆ. ಪುಸ್ತಕ ಈಗ ಅಂಗಡಿಗೆ ಬರುವ ಮೊದಲು ವಾಟ್ಸಾಪಿನಲ್ಲಿ ಬರುತ್ತದೆ, ಬೆರಳುಗುರಿನಷ್ಟು ಗಾತ್ರದಲ್ಲಿ. ಆ ಗಾತ್ರದಲ್ಲಿ ಹೆಸರು ಓದಲಾಗಬೇಕು, ಕೈಗೆ ಬಂದಾಗ ಮರದ ಎಳೆಯೂ ಕಾಣಬೇಕು. ಎರಡೂ ದೂರಕ್ಕೆ ಸಲ್ಲುವಂತೆ ಬರೆಯುವುದು ಅಕ್ಕಿ ಚೀಲ ಕಲಿಸಿದ ಪಾಠ.

ಜಾಗೃತಿಯ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ನೋಡುವವರು ಓದಬಲ್ಲವರೇ ಆಗಿರಬೇಕೆಂದಿಲ್ಲ, ನೋಡಲು ಅವರಿಗೆ ಪುರುಸೊತ್ತು ಇರಬೇಕೆಂದೂ ಇಲ್ಲ. ದೇಶದ ಮೊದಲ ಮಹಾಚುನಾವಣೆ, 1951–52ರದ್ದು, ನಡೆದದ್ದೇ ಚಿಹ್ನೆಗಳ ಬಲದಿಂದ. ಆಮೇಲೆ ಚುನಾವಣಾ ಆಯೋಗದ ನಕ್ಷೆಗಾರ ಎಂ.ಎಸ್. ಸೇಠಿ ಪೆನ್ಸಿಲಿನಲ್ಲಿ ಬರೆದ ಗಾಳಿಪಟ, ಹೊಲಿಗೆ ಯಂತ್ರ, ಬಾಚಣಿಗೆಗಳನ್ನು ಇವತ್ತಿಗೂ ಮತಪತ್ರದ ಮೇಲೆ ನೋಡುತ್ತೇವೆ. ಅವುಗಳಲ್ಲಿ ಒಂದೂ ಅನಗತ್ಯ ಗೆರೆ ಇಲ್ಲ. 1960ರ ದಶಕದ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ಯಾವ ಊರಿನ ಸುಣ್ಣದ ಗೋಡೆಯ ಮೇಲಾದರೂ, ಯಾವ ಕೈ ಬೇಕಾದರೂ ಬರೆಯಬಹುದಿತ್ತು. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಘೋಷಣೆಯ ಜೊತೆಗೆ ಅದು ನಮ್ಮ ಆಸ್ಪತ್ರೆ ಗೋಡೆಗಳ ಮೇಲೆ ಎಷ್ಟು ಕಾಲ ಇತ್ತು ಎಂಬುದು ಹಿರಿಯರಿಗೆ ನೆನಪಿರುತ್ತದೆ.

ನನ್ನ ಪಾಲಿಗೆ ಬಂದ ಅತಿ ಕಠಿಣ ಪೋಸ್ಟರ್ ಫ್ಲೋರೈಡಿನದು. ನಮ್ಮ ಜಿಲ್ಲೆಯ ಪಾವಗಡದಲ್ಲಿ ಕೊಳವೆಬಾವಿಗಳು ಆಳಕ್ಕೆ ಹೋದಂತೆ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹೆಚ್ಚಿತು. ಸುತ್ತಲಿನ ಒಣ ತಾಲ್ಲೂಕುಗಳಿಗೂ ಅದರ ಕಾಟ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಕಲೆಗಟ್ಟುತ್ತದೆ, ಅಂಶ ಇನ್ನೂ ಹೆಚ್ಚಿದ್ದರೆ ಕಾಲಾಂತರದಲ್ಲಿ ಮೂಳೆ, ಕೀಲು ಸೆಡೆಯುತ್ತವೆ. ಕಷ್ಟವೇನೆಂದರೆ ಒಳ್ಳೆಯ ನೀರೂ ಕೆಟ್ಟ ನೀರೂ ನೋಡಲು ಒಂದೇ ಥರ: ತಿಳಿ. ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುತ್ತದೆ ಎಂದು ಜನ ನಂಬಿದ್ದಾರೆ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅಂಶ ಇನ್ನೂ ಹೆಚ್ಚುತ್ತದೆ. ಕಣ್ಣಿಗೆ ಕಾಣದ್ದನ್ನು ಚಿತ್ರದಲ್ಲಿ ತೋರಿಸುವುದು ಹೇಗೆ?

ಕೆಲಸ ಕೊಟ್ಟ ಸಂಸ್ಥೆ ಮೊದಲು ಕೇಳಿದ್ದು ವಕ್ರಗೊಂಡ ಕಾಲುಗಳ ಚಿತ್ರ, ಜೊತೆಗೆ ತಲೆಬುರುಡೆ. ನಾನು ಒಪ್ಪಲಿಲ್ಲ. ಆ ಪೋಸ್ಟರ್ ತೂಗುವುದು ಅದೇ ಊರಿನ ಶಾಲೆಯಲ್ಲಿ. ಅಲ್ಲಿ ಕಲೆಗಟ್ಟಿದ ಹಲ್ಲಿನ ಮಕ್ಕಳು ಕೂತಿರುತ್ತಾರೆ, ಬೆನ್ನು ಬಗ್ಗಿದ ತಾತಂದಿರು ಅವರನ್ನು ಕರೆದೊಯ್ಯಲು ಬರುತ್ತಾರೆ. ಅವರ ಮೈಯನ್ನೇ ಹೆದರಿಕೆಯ ಚಿತ್ರ ಮಾಡಿ ಅವರ ಎದುರಿಗೇ ತೂಗುಹಾಕಲು ನನ್ನ ಕೈ ಬರಲಿಲ್ಲ. ಊರಿಗೆ ಹೋಗಿ ನೋಡಿದಾಗ ತಿಳಿದದ್ದು, ಶುದ್ಧ ನೀರಿನ ಘಟಕದಿಂದ ನೀರು ತರುವುದು ಹೆಣ್ಣುಮಕ್ಕಳಿಗೆ ಅಭ್ಯಾಸವಾಗಿತ್ತು. ಆ ನೀರನ್ನು ಕುಡಿಯಲು ಮಾತ್ರ ಇಡುತ್ತಿದ್ದರು. ಅನ್ನ ಸಾರಿಗೆ, ಮುದ್ದೆಗೆ, ಕಾಫಿಗೆ ಕೊಳವೆಬಾವಿಯ ನೀರೇ. ಅದು ಕುದಿಯುತ್ತದಲ್ಲ ಎಂಬ ಧೈರ್ಯ. ಅಂದರೆ ಹೇಳಬೇಕಾದ ಮಾತು ಕುಡಿಯುವುದರ ಬಗ್ಗೆ ಅಲ್ಲ, ಅಡುಗೆಯ ಬಗ್ಗೆ. ಕೊನೆಗೆ ಬರೆದದ್ದು ಒಲೆಯ ಮೇಲಿನ ಮುದ್ದೆ ಪಾತ್ರೆ. ಘಟಕದ ಕ್ಯಾನಿನಿಂದ ನೀರು ಅದಕ್ಕೆ ಬೀಳುತ್ತಿದೆ, ಕೊಳವೆಬಾವಿಯ ಕೊಡ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದೆ. ಕ್ಯಾನಿನ ಬಣ್ಣ, ಕೊಡದ ಬಣ್ಣ ಆ ಊರಿನಲ್ಲಿ ನಿಜಕ್ಕೂ ಬಳಸುವ ಬಣ್ಣಗಳೇ. ಮೇಲೆ ಒಂದೇ ಸಾಲು: ಮುದ್ದೆಗೂ ಇದೇ ನೀರು. ಅಂಗನವಾಡಿ ಕಾರ್ಯಕರ್ತೆಯೊಬ್ಬರು ಅದನ್ನು ಅಡುಗೆ ಮನೆಯಲ್ಲಿ, ಒಲೆಯ ಎದುರಿಗೆ ಅಂಟಿಸಲು ಹೇಳಿದರು. ನನಗೆ ಹೊಳೆಯದ ಸಂಗತಿ ಅದು. ಪೋಸ್ಟರಿನ ಅಳತೆಯನ್ನೇ ಚಿಕ್ಕದು ಮಾಡಿ, ಉಗಿ ತಾಗಿದರೂ ಏಳದ ಹಾಳೆಯಲ್ಲಿ ಮತ್ತೆ ಮುದ್ರಿಸಿದೆವು.

ಈಗ ಮೇಜಿನ ಮೇಲಿರುವುದು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಮರದಿಂದ ಹೆಸರಾದ ‘ಸಿದ್ದು’ ಹಲಸಿನ ಬಗ್ಗೆ ನೀವು ಓದಿರುತ್ತೀರಿ. ಮರ ಬೆಳೆಸಿದ ಸಿದ್ದಪ್ಪನವರ ಹೆಸರೇ ತಳಿಗೆ ಬಂತು, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಕಸಿ ಗಿಡಗಳನ್ನು ಹಬ್ಬಿಸಲು ಕೈಜೋಡಿಸಿತು. ಹಣ್ಣು ಎರಡೂವರೆ ಕೆಜಿ ಆಸುಪಾಸು, ಒಂದು ಮನೆಗೆ ಸಾಕಾಗುವಷ್ಟು. ತೊಳೆಯ ಬಣ್ಣ ತಾಮ್ರಗೆಂಪು. ಮಹಿಳಾ ಸಂಘವೊಂದು ಅಂಥ ಕೆಂಪು ತೊಳೆಯ ಒಣ ಹಲಸಿಗೆ ಪೊಟ್ಟಣ ಕೇಳಿದೆ. ರೆಡಿಮೇಡ್ ಚಿತ್ರಗಳಲ್ಲಿ ಹಲಸಿನ ತೊಳೆ ಯಾವಾಗಲೂ ಹಳದಿ. ನಾನು ಹಣ್ಣು ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಕಿಟಕಿಯ ಬೆಳಕಿನಲ್ಲಿಟ್ಟು ಬಣ್ಣ ಕಲೆಸಿದೆ. ಬೀಜದ ಹತ್ತಿರ ಕೆಂಪು ಗಾಢ, ತುದಿಗೆ ಬಂದಂತೆ ಕಿತ್ತಳೆ, ಬುಡದ ಎಸಳು ಕೆನೆಬಣ್ಣ. ನಾಲ್ಕು ಬಣ್ಣದ ಮುದ್ರಣದಲ್ಲಿ ಈ ತಾಮ್ರವನ್ನು ಕೆಂಪು, ಹಳದಿಯ ಚುಕ್ಕೆಗಳಿಂದ ಕಟ್ಟಬೇಕು. ಕಪ್ಪು ಒಂದು ಗುಲಗಂಜಿಯಷ್ಟು ಹೆಚ್ಚಾದರೂ ತೊಳೆ ಕೊಳೆತಂತೆ ಕಾಣುತ್ತದೆ. ಸಂಘದವರಿಗೆ ಕಂದು ಕಾಗದದ ಪೊಟ್ಟಣ ಇಷ್ಟ, ಆದರೆ ಕಂದಿನ ಮೇಲೆ ಯಾವ ಬಣ್ಣವೂ ಮಂಕಾಗುತ್ತದೆ. ಅದಕ್ಕೆ ತೊಳೆಯ ಜಾಗಕ್ಕೆ ಮಾತ್ರ ಅಡಿಯಲ್ಲಿ ಬಿಳಿ ಶಾಯಿ ಹಾಕಿ ಅದರ ಮೇಲೆ ತಾಮ್ರಗೆಂಪನ್ನು ಬೇರೆಯಾಗಿ ಕಲೆಸಿದ ಒಂದೇ ಶಾಯಿಯಲ್ಲಿ ಹೊಡೆಯೋಣ ಎಂದು ಮುದ್ರಕರ ಜೊತೆ ಮಾತಾಗಿದೆ.

ಈ ಸಂಘದ ಜೊತೆ ನನ್ನ ಒಪ್ಪಂದ ಕನ್ನಡದಲ್ಲಿ ಒಂದೇ ಪುಟ. ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ನಮ್ಮಲ್ಲಿ ಲೋಗೊವನ್ನು ಪುಕ್ಕಟೆ ಕೇಳುತ್ತಾರೆ, ಒಂದು ಮುಖಪುಟದ ಚಿತ್ರವನ್ನು ಕೇಳದೆ ಕ್ಯಾಲೆಂಡರಿಗೆ ಹಾಕಿಕೊಳ್ಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಚಿತ್ರದ ಹಕ್ಕು ಮೊದಲಿಗೆ ಬರೆದವರದೇ; ಆದರೆ ಸಂಬಳದ ನೌಕರಿಯಲ್ಲಿದ್ದು ಮಾಡಿದ ಕೆಲಸಕ್ಕೂ ಹಣ ಕೊಟ್ಟು ಬರೆಸಿಕೊಂಡ ಚಿತ್ರಕ್ಕೂ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ಮಾಡಿಸಿಕೊಂಡವರಿಗೆ ಹೋಗುತ್ತದೆ. ಹಕ್ಕನ್ನು ಬರಹದ ಮೂಲಕವೇ ವಹಿಸಿಕೊಡಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ನಮ್ಮ ಪುಟದಲ್ಲಿ ಹೀಗಿದೆ: ಚಿತ್ರವನ್ನು ಸಂಘ ಹಲಸಿನ ಸರಕುಗಳಿಗೆಲ್ಲ ಹತ್ತು ವರ್ಷ ಬಳಸಬಹುದು, ಬೇರೆಯವರಿಗೆ ಕೊಡುವಂತಿಲ್ಲ, ಬಣ್ಣ ಬದಲಿಸುವ ಮೊದಲು ನನ್ನನ್ನು ಕೇಳಬೇಕು, ಹಣದಲ್ಲಿ ಅರ್ಧ ಮುಂಗಡ, ಉಳಿದದ್ದು ಮೊದಲ ಪೊಟ್ಟಣಗಳು ಮಾರಾಟವಾದ ಮೇಲೆ. ಚಿತ್ರಗಾರರ ಹೆಸರನ್ನು ಪೊಟ್ಟಣದ ಹಿಂಬದಿಯಲ್ಲಿ ಹಾಕಬೇಕು ಎನ್ನುವ ಸಾಲನ್ನು ನಾನು ಬರೆದಿರಲಿಲ್ಲ. ಸಹಿ ಹಾಕುವಾಗ ಸಂಘದ ಅಧ್ಯಕ್ಷೆಯೇ ಅದನ್ನು ಸೇರಿಸಿದರು. ಹಣ್ಣು ಒಣಗಿಸುವ ಹೆಂಗಸರ ಹೆಸರುಗಳನ್ನೂ ಅದೇ ಸಾಲಿನಲ್ಲಿ ಹಾಕೋಣ ಎಂದು ನಾನು ಹೇಳಿದ್ದೇನೆ. ಹನ್ನೊಂದು ಹೆಸರು, ತೂಕ, ಬೆಲೆ, ಪರವಾನಗಿ ಸಂಖ್ಯೆ ಎಲ್ಲ ಆ ಒಂದು ಅಂಗೈಯಗಲದ ಜಾಗದಲ್ಲಿ ಓದುವಂತೆ ಕೂರಬೇಕು. ಈ ವಾರದ ಕೆಲಸ ಅದು.